ನಕ್ಷೆ ಹಿಡಿದು ಕಾಡು ಹೊಕ್ಕವರು

ನಕ್ಷೆ ಮತ್ತು ದಿಕ್ಸೂಚಿಗಳ ನೆರವಿನಿಂದ ಕಾಡಿನಲ್ಲಿ ಗೊತ್ತುಪಡಿಸಿದ ತಾಣಗಳನ್ನು ಒಂದೊಂದಾಗಿ ಹುಡುಕುತ್ತ, ಎಲ್ಲರಿಗಿಂತ ಬೇಗ ಗುರಿ ಸೇರುವ ಆಟಕ್ಕೆ ಓರಿಯಂಟೀರಿಂಗ್ ಎಂದು ಹೆಸರು. ಇದರ ಮೊದಲ ಸಾರ್ವಜನಿಕ ಸ್ಪರ್ಧೆ ನಡೆದದ್ದು ನಾರ್ವೆಯಲ್ಲಿ, 1897ರ ಅಕ್ಟೋಬರ್ 31ರಂದು. ತರುಣರು ಓಟದ ಅಂಕಣದಿಂದ ದೂರವಾಗುತ್ತಿರುವುದನ್ನು ಕಂಡ ಸ್ವೀಡನ್ನಿನ ಮೇಜರ್ ಅರ್ನ್ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್ ಬಳಿ ದೊಡ್ಡ ಸ್ಪರ್ಧೆಯೊಂದನ್ನು ಏರ್ಪಡಿಸಿ ಅವರನ್ನು ಕಾಡಿಗೆ ಕರೆತಂದರು.

ಆ ನಾಡುಗಳ ಹಿರಿಯ ಓಟಗಾರರ ಹಳೆಯ ನೆನಪುಗಳಲ್ಲಿ ಗೆಲುವಿಗಿಂತ ಹೆಚ್ಚಾಗಿ ದಾರಿ ತಪ್ಪಿದ ಪ್ರಸಂಗಗಳೇ ತುಂಬಿವೆ. ಅದು ಸಹಜವೂ ಹೌದು. ಅಂದಿನ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್! ಸ್ವೀಡನ್ನಿನ ಸೇನಾ ನಕ್ಷೆಗಳು ಇಳಿಜಾರನ್ನು ಬರಿಯ ಗೀರುಗಳಿಂದ ಸೂಚಿಸುತ್ತಿದ್ದವು. ಬಂಡೆಯಾಗಲಿ, ಕಿರಿದಾದ ಕೊರಕಲಾಗಲಿ ಅವುಗಳಲ್ಲಿ ಕಾಣಿಸುತ್ತಿರಲಿಲ್ಲ. ಓಟ ಆರಂಭವಾದ ಮೇಲೆ ಮೂಲ ನಕ್ಷೆಯ ಮುಂದೆ ನಿಂತು, ತಾಣಗಳ ವೃತ್ತಗಳನ್ನು ತಮ್ಮ ಹಾಳೆಯ ಮೇಲೆ ತಾವೇ ಬರೆದುಕೊಳ್ಳಬೇಕಿತ್ತು. ನಕ್ಷೆ ಹೇಳದೆ ಬಿಟ್ಟದ್ದನ್ನು ನೆಲವೇ ಹೇಳಬೇಕು: ನೀರು ಎತ್ತ ಹರಿದೀತು, ಜೌಗು ಎಲ್ಲಿದ್ದೀತು, ಯಾವ ಏಣು ಎಲ್ಲಿ ಇಳಿದೀತು. 1950ರ ತರುವಾಯ ಬಣ್ಣದ ನಕ್ಷೆಗಳು ಬಂದವು. ಇಂದಿನವು ಬಂಡೆಯನ್ನೂ ತೋರಿಸುತ್ತವೆ.

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಸ್ಪರ್ಧಿಗಳು ಸಾವಿರಾರು ಸಂಖ್ಯೆಯಲ್ಲಿ ನುಗ್ಗತೊಡಗಿದಾಗ ಮೂಸ್ ಮೊದಲಾದ ವನ್ಯಮೃಗಗಳು ಬೆದರಿದವು. ಓಟದ ಜಾಡಿನ ನಡುವೆ ಮೃಗಗಳಿಗೆಂದೇ ಕೆಲವು ಭಾಗಗಳನ್ನು ಮುಟ್ಟದೆ ಬಿಡುವ ಪದ್ಧತಿ ಆನಂತರವಷ್ಟೇ ಬೆಳೆದುಬಂತು. ನೆನಪುಗಳು ಈ ಮಾತನ್ನು ಮರೆಯುತ್ತವೆ. ಆದರೆ ಒಂದು ಹಳೆಯ ಕಟ್ಟಳೆ ಉಳಿದಿದೆ: ದಾರಿ ತೋರುವ ಜಿಪಿಎಸ್ ಬಳಕೆಗೆ ಸ್ಪರ್ಧೆಯಲ್ಲಿ ಇಂದಿಗೂ ಅನುಮತಿಯಿಲ್ಲ.

ಮಲೆನಾಡಿಗೆ ಈ ಆಟದ ಹಂಗಿಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗುವವರಿಗೆ ದಿಕ್ಸೂಚಿ ಬೇಕಿಲ್ಲ. ಆದರೆ ಬೆಟ್ಟದ ಹಣೆಬರಹವನ್ನು ಈಗ ನಕ್ಷೆಗಳೇ ಬರೆಯುತ್ತಿವೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಮೊದಲ್ಗೊಂಡು 2024ರ ಜುಲೈವರೆಗೆ ಆರು ಬಾರಿ ಹೊರಬಿದ್ದಿತು. ಪ್ರತಿ ಬಾರಿಯೂ ಊರುಗಳಲ್ಲಿ ಚರ್ಚೆಯಾದದ್ದು ಗ್ರಾಮಗಳ ಹೆಸರಿನ ಪಟ್ಟಿ ಮತ್ತು ಗಾಳಿಮಾತು. ನಕ್ಷೆಯನ್ನು ಹರವಿ, ಗೆರೆ ಯಾವ ಹಳ್ಳದ ಮೇಲೆ ಹಾಯುತ್ತದೆ, ಯಾರ ತೋಟದ ಅಂಚಿನಲ್ಲಿ ತಿರುಗುತ್ತದೆ ಎಂದು ನೋಡಿದವರು ವಿರೋಧಿಗಳಲ್ಲಿಯೂ ವಿರಳ, ಬೆಂಬಲಿಗರಲ್ಲಿಯೂ ವಿರಳ.

ಒಂದು ಕಾಲಕ್ಕೆ ಸರ್ವೇಕ್ಷಣಾ ಇಲಾಖೆಯ ಹಾಳೆ ದೊರಕುವುದೇ ದುರ್ಲಭವಾಗಿತ್ತು. 2005ರ ನಕ್ಷಾ ನೀತಿಯಿಂದ ಬಾಗಿಲು ತುಸು ತೆರೆಯಿತು. 2017ರಲ್ಲಿ 1:50,000 ಪ್ರಮಾಣದ ಹಾಳೆಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯತೊಡಗಿದವು. ಸಮೋನ್ನತ ರೇಖೆಗಳ ಪಾಠವಂತೂ ಶಾಲೆಯಲ್ಲಿದೆ, ಅಂಕಕ್ಕಾಗಿ. ಮಳೆಗಾಲ ಕಳೆದ ಮೇಲೆ ಊರಿನ ಹಾಳೆಯೊಂದನ್ನು ಹಿಡಿದು, ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ಶಾಲೆಯ ಹಿಂದಿನ ಹಳ್ಳದ ಹುಟ್ಟಿನವರೆಗೆ ಮಕ್ಕಳು ನಡೆದುಬರಲು ಒಂದು ಭಾನುವಾರ ಸಾಕು. ಉಂಬಳಗಳ ಕಾಟವೂ ಅಷ್ಟರಲ್ಲಿ ಕಡಿಮೆಯಾಗಿರುತ್ತದೆ.