ಪೀಚೆಕತ್ತಿಗೂ ಹೊರಗಿನವರಿಗೇ ಟೆಂಡರ್

ಮೊನ್ನೆ ನಮ್ಮೂರಿನ ಸರ್ಕಾರಿ ಸಮಾರಂಭದಲ್ಲಿ ಅತಿಥಿಗಳಿಗೆ ಕೊಡಗಿನ ಸಾಂಪ್ರದಾಯಿಕ ಕಿರುಗತ್ತಿಯಾದ ಪೀಚೆಕತ್ತಿಯ ಸ್ಮರಣಿಕೆ ಹಂಚಿದರು. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಬೆಳ್ಳಿ ಬಣ್ಣ ಬಳಿದ ತಗಡು. ಅಲಗು ಒರೆಯಿಂದ ಈಚೆಗೆ ಬರುವುದೇ ಇಲ್ಲ, ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ. ಡಬ್ಬಿಯ ತಳದಲ್ಲಿ ಹೊರರಾಜ್ಯದ ಕಾರ್ಖಾನೆಯ ವಿಳಾಸ. ಕೇಳಿದರೆ, ‘ಟೆಂಡರಿನಲ್ಲಿ ಅವರದ್ದೇ ಕಡಿಮೆ ದರ’ ಎಂಬ ಉತ್ತರ.

ಕೊಡಗಿನ ಕತ್ತಿ ಮಾಡಲು ಕೊಡಗಿನಲ್ಲಿ ಜನವಿಲ್ಲವೇ? ಮದುವೆಯ ದಿನ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಬಿಗಿದು, ಅದರಲ್ಲಿ ಸಿಕ್ಕಿಸಿಕೊಳ್ಳುವ ಕತ್ತಿ ಇದು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಯ ಜೊತೆ ಇಟ್ಟು, ತೋಕ್ ಪೂ ಮುಡಿಸಿ ಕೈ ಮುಗಿಯುತ್ತೇವೆ. ಮದುವೆಯಲ್ಲಿ ಬಾಳೆ ಕಡಿಯುವ ಒಡಿಕತ್ತಿಯೂ ಅಷ್ಟೇ, ಹದ ತಪ್ಪಿದರೆ ದಿಂಡಿನಲ್ಲೇ ಸಿಕ್ಕಿಕೊಂಡು ನೆಂಟರೆದುರು ಮಾನ ಹೋಗುತ್ತದೆ. ಆ ಹದ ಬಲ್ಲವರು ತಲೆಮಾರುಗಳಿಂದ ಕುಲುಮೆ ಊದಿದ ಐರಿಗಳು. ಕಾದ ಕಬ್ಬಿಣದ ಬಣ್ಣ ನೋಡಿಯೇ ಯಾವಾಗ ನೀರಿಗೆ ಅದ್ದಬೇಕೆಂದು ಹೇಳುವವರು. ಅವರನ್ನು ಒಂದು ಮಾತೂ ಕೇಳದೆ ತಗಡು ತರಿಸಿದ್ದಾರೆ!

ಇನ್ನೊಂದು ಮಾತು. 2023ರಲ್ಲಿ ಕೇಂದ್ರದ ವಿಶ್ವಕರ್ಮ ಯೋಜನೆ ಬಂತು. ಅದರ 18 ಕಸುಬುಗಳಲ್ಲಿ ಕಮ್ಮಾರರಿದ್ದಾರೆ, ಆಯುಧ ತಯಾರಕರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಕಂತಾಗಿ 3 ಲಕ್ಷದವರೆಗೆ ಸಾಲ. ಒಂದು ಕೈಯಲ್ಲಿ ಸಾಲ ಕೊಟ್ಟು, ಇನ್ನೊಂದು ಕೈಯಲ್ಲಿ ಖರೀದಿಯನ್ನು ಹೊರಗಿನವರಿಗೆ ಕೊಟ್ಟರೆ ನಮ್ಮ ಕಮ್ಮಾರ ಸಾಲ ತೀರಿಸುವುದು ಹೇಗೆ?

ತಮ್ಮೂರಿನ ಕತ್ತಿಯ ಹೆಸರನ್ನು ಬೇರೆಯವರು ಹೇಗೆ ಕಾಯ್ದುಕೊಂಡರು, ಹೇಗೆ ಕಳೆದುಕೊಂಡರು ನೋಡಿ. ಚಾಕುಗಳಿಗೆ ಹೆಸರಾದ ಜರ್ಮನಿಯ ಜೋಲಿಂಗನ್ ಪಟ್ಟಣದ ಹೆಸರನ್ನು ಬೇರೆಡೆಯ ಚಾಕುಗಳ ಮೇಲೆ ಒತ್ತದಂತೆ 1938ರಲ್ಲೇ ಕಾನೂನು ಮಾಡಿದರು. ಹಾಗೆಯೇ ಚಾಕುಗಳಿಗೆ ಹೆಸರಾದ ಫ್ರಾನ್ಸಿನ ಲಾಯೋಲ್ ಹಳ್ಳಿಗೆ ಆ ಭಾಗ್ಯವಿರಲಿಲ್ಲ. ಹೊರಗಿನವರೊಬ್ಬರು 1993ರಲ್ಲಿ ಊರಿನ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡರು, ಏಷ್ಯಾದಲ್ಲಿ ತಯಾರಾದ ಸಾಮಾನಿಗೂ ಆ ಹೆಸರು ಬಿತ್ತು. 2012ರಲ್ಲಿ ಹಳ್ಳಿಯವರು ಊರಿನ ನಾಮಫಲಕವನ್ನೇ ಕಿತ್ತು ಪ್ರತಿಭಟಿಸಿದರು. ನಮಗೂ ಅದೇ ಗತಿ ಬರಬೇಕೇ? ಕೊಡಗಿನ ಕಿತ್ತಳೆಗೆ, ಕಾಫಿಗೆ ಭೌಗೋಳಿಕ ಸೂಚಿಕೆ ಪಡೆದ ನಾಡಿಗೆ ತನ್ನ ಕತ್ತಿಯನ್ನು ಕಾಯುವುದು ಗೊತ್ತಿಲ್ಲವೇ?

ಆ ಖರೀದಿ ಆದೇಶವನ್ನು ಕೂಡಲೇ ರದ್ದುಪಡಿಸಲಿ. ಇನ್ನು ಮುಂದೆ ಸರ್ಕಾರ ಕೊಡುವ ಪ್ರತಿ ಪೀಚೆಕತ್ತಿಯೂ ಜಿಲ್ಲೆಯ ಕುಲುಮೆಯದ್ದೇ ಆಗಿರಲಿ, ಮಾಡಿದವರ ಹೆಸರು ಡಬ್ಬಿಯ ಮೇಲಿರಲಿ. ಅಷ್ಟು ಹಣವಿಲ್ಲವೆಂದಾದರೆ ಅತಿಥಿಗಳಿಗೆ ನಮ್ಮ ಕಾಫಿಪುಡಿ ಕೊಡಲಿ, ಯಾರೂ ಬೇಸರಪಡುವುದಿಲ್ಲ.

– ಓದುಗ, ವಿರಾಜಪೇಟೆ