ಹೊಗೆಯೊಲೆಯ ತುಕ್ಕು ಯಾರ ತಪ್ಪು?

ಅಮೆರಿಕದ ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ನಗರದಲ್ಲಿ ನೆಲಸಿರುವ ಬಂಧುಗಳ ಮನೆಯಲ್ಲಿ ನಾವು ಕೆಲವು ವಾರ ತಂಗಿದ್ದಾಗ, ಒಂದು ಶನಿವಾರದ ಬೆಳಗ್ಗೆ ನೆರೆಮನೆಯ ಹಿತ್ತಲಿನಿಂದ ಕೂಗಾಟ ಕೇಳಿಬಂತು. ಹೋಗಿ ನೋಡಿದರೆ, ಆ ಮನೆಯ ಯಜಮಾನರು ಮರದ ಜಗಲಿಯ ಮೇಲೆ ಚೆಲ್ಲಿದ್ದ ಕೆಂಡಗಳನ್ನು ನೀರು ಹಾಯಿಸಿ ಆರಿಸುತ್ತಿದ್ದರು. ಅವರ ಬಾರ್ಬೆಕ್ಯೂ ಹೊಗೆಯೊಲೆಯ ಬೆಂಕಿಗೂಡಿನ ತಳವು ತುಕ್ಕು ತಿಂದು ಹಪ್ಪಳದಂತಾಗಿ, ಆ ದಿನ ಕಟ್ಟಿಗೆಯ ಭಾರಕ್ಕೆ ಕಳಚಿ ಬಿದ್ದಿತ್ತು. ಮನೆಗೆ ಬೆಂಕಿ ಹತ್ತದೆ ಉಳಿದದ್ದು ಅವರು ಪಕ್ಕದಲ್ಲಿಯೇ ನಿಂತಿದ್ದುದರಿಂದ ಮಾತ್ರ. ಒಲೆಯನ್ನು ಕೊಂಡು ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಈಗಿನ ಕಬ್ಬಿಣವೇ ಕೆಟ್ಟದ್ದು, ಇದನ್ನು ಎಸೆದು ಹೊಸದೊಂದನ್ನು ತರುವುದೇ ಸರಿ ಎಂದು ಅವರು ತೀರ್ಮಾನಿಸಿದರು. ಈ ತೀರ್ಮಾನ ತಪ್ಪೆಂಬುದು ನಮ್ಮ ಅಭಿಪ್ರಾಯ. ಆ ಒಲೆಯನ್ನು ತಿಂದದ್ದು ಬೆಂಕಿಯಲ್ಲ, ಮಳೆಯೂ ಅಲ್ಲ. ಬೆಂಕಿ ಆರಿದ ಮೇಲೆ ಅದರಲ್ಲಿ ಉಳಿದುಹೋದ ಬೂದಿ.

ಹೊಗೆಯೊಲೆ ಎಂದರೇನೆಂದು ಮೊದಲು ಹೇಳಬೇಕು. ಅಲ್ಲಿಯವರು ಇದನ್ನು ಸ್ಮೋಕರ್ ಎನ್ನುವರು. ಉಕ್ಕಿನ ತಗಡಿನಿಂದ ಮಾಡಿದ, ಮುಚ್ಚಳವುಳ್ಳ ಒಂದು ದೊಡ್ಡ ಉರುಳೆ. ಅದರ ಒಂದು ಪಕ್ಕಕ್ಕೆ ಅಂಟಿಕೊಂಡಂತೆ ಬೆಂಕಿಗೂಡು. ಇನ್ನೊಂದು ಪಕ್ಕದಲ್ಲಿ ಹೊಗೆಕೊಳವೆ. ಗೂಡಿನಲ್ಲಿ ಓಕ್ ಮರದ ಕಟ್ಟಿಗೆ ಉರಿಯುವುದು. ಅದರ ಬಿಸಿಯೂ ಹೊಗೆಯೂ ಉರುಳೆಯ ಮೂಲಕ ಹಾದುಹೋಗುವಾಗ, ಅಲ್ಲಿ ಇಟ್ಟಿರುವ ಮಾಂಸವು 110 ರಿಂದ 135 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಹತ್ತು ಹನ್ನೆರಡು ಗಂಟೆಗಳ ಕಾಲ ನಿಧಾನವಾಗಿ ಬೇಯುವುದು. ನಮ್ಮ ವಾಚಕರಲ್ಲಿ ಅನೇಕರು ಮಾಂಸ ಮುಟ್ಟದವರೆಂಬುದನ್ನು ನಾವು ಬಲ್ಲೆವು. ಇಲ್ಲಿ ನಮ್ಮ ಮಾತು ಕಬ್ಬಿಣವನ್ನು ಕುರಿತದ್ದೇ ಹೊರತು ಭೋಜನವನ್ನು ಕುರಿತದ್ದಲ್ಲವಾದುದರಿಂದ ಅವರು ಮುಂದೆ ಓದಲು ಅಡ್ಡಿಯಿಲ್ಲ.

ಟೆಕ್ಸಸ್ಸಿನಲ್ಲಿ ಈ ಅಡುಗೆ ಹಳೆಯದು. ಲಾಕ್‌ಹಾರ್ಟ್ ಎಂಬ ಊರಿನ ಕ್ರೌಟ್ಸ್ ಮಾರ್ಕೆಟ್ 1900ರಲ್ಲಿ ಆರಂಭವಾದದ್ದು. ಅಂಥ ಹಳೆಯ ಅಂಗಡಿಗಳ ಒಲೆಗಳು ಇಟ್ಟಿಗೆಯವು. ಅವಕ್ಕೆ ತುಕ್ಕಿನ ಭಯ ಕಡಮೆ. ತೈಲಬಾವಿಗಳ ದಪ್ಪ ಕೊಳವೆಗಳನ್ನೂ ಅನಿಲದ ಹಳೆಯ ತೊಟ್ಟಿಗಳನ್ನೂ ಕೊಯ್ದು ಬೆಸೆದು ಒಲೆ ಮಾಡುವುದು ಅನಂತರ ಬಂದ ರೂಢಿ. ಆಸ್ಟಿನ್ ನಗರದಲ್ಲಿ 2009ರಲ್ಲಿ ಅಂಗಡಿ ತೆರೆದು ಹೆಸರುವಾಸಿಯಾದ ಆರನ್ ಫ್ರ್ಯಾಂಕ್ಲಿನ್ ಅವರ ಒಲೆಗಳು ಸಾವಿರ ಗ್ಯಾಲನ್ನಿನ ಪ್ರೊಪೇನ್ ತೊಟ್ಟಿಗಳಿಂದ ಆದವು. ಇಂತಹ ಒಲೆಗಳ ಗೋಡೆ ಸುಮಾರು 6 ಮಿಲಿಮೀಟರು ದಪ್ಪ. ಮನೆಬಳಕೆಗೆಂದು ಅಗ್ಗದ ಬೆಲೆಗೆ ಮಾರುವ ಒಲೆಗಳಲ್ಲಿ ಅದರ ಮೂರನೆಯ ಒಂದು ಪಾಲು ದಪ್ಪವೂ ಇರದಿರುವುದುಂಟು. ತಯಾರಕರ ಈ ಜಿಪುಣತನವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ದಪ್ಪ ತಗಡು ತುಕ್ಕನ್ನು ತಡೆಯಲಾರದು. ತುಕ್ಕಿನ ಕೆಲಸ ಮುಗಿಯುವ ದಿನವನ್ನು ಮುಂದಕ್ಕೆ ಹಾಕುವುದು, ಅಷ್ಟೆ.

ಕಬ್ಬಿಣ ತುಕ್ಕು ಹಿಡಿಯಬೇಕಾದರೆ ನೀರೂ ಬೇಕು, ಆಮ್ಲಜನಕವೂ ಬೇಕು. ಇದು ಶಾಲೆಯ ಹುಡುಗರೂ ಬಲ್ಲ ವಿಷಯ. ಈ ಕ್ರಿಯೆ ಎಲ್ಲಿ, ಹೇಗೆ ಮೊದಲಾಗುವುದೆಂಬುದನ್ನು ಕೇಂಬ್ರಿಜ್ಜಿನ ಯೂಲಿಕ್ ಈವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಅತಿ ಸರಳವಾಗಿ ತೋರಿಸಿದರು. ನಯಮಾಡಿದ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿಯನ್ನು ಇಟ್ಟರೆ, ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಧಾರಾಳವಾಗಿ ಸಿಗುವುದು, ನಡುವಿಗೆ ಸಿಗದು. ಆಮ್ಲಜನಕ ಕಡಮೆಯಿರುವ ನಡುಭಾಗದಲ್ಲಿ ಕಬ್ಬಿಣ ಕರಗುವುದು. ಅಲ್ಲಿಂದ ಹೊರಟ ಎಲೆಕ್ಟ್ರಾನುಗಳನ್ನು ಅಂಚಿನಲ್ಲಿರುವ ಆಮ್ಲಜನಕ ಸ್ವೀಕರಿಸುವುದು. ಎರಡರ ನಡುವೆ ತುಕ್ಕಿನ ಉಂಗುರವೊಂದು ಮೂಡುವುದು. ಹನಿಯೊಂದು ಪುಟ್ಟ ವಿದ್ಯುತ್ಕೋಶವೇ ಆಗುವುದೆನ್ನಬಹುದು. ಮುಚ್ಚಿಕೊಂಡಿರುವ, ಗಾಳಿಯಾಡದ ಎಡೆಯೇ ಹೆಚ್ಚು ಸವೆಯುವುದೆಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಇಂಗ್ಲೆಂಡಿನ ವರ್ನನ್ ಎಂಬವರು 1930ರ ದಶಕದಲ್ಲಿ ಇನ್ನೊಂದು ಸಂಗತಿಯನ್ನು ಕಂಡುಹಿಡಿದರು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 60 ಪ್ರತಿಶತಕ್ಕಿಂತ ಕೆಳಗಿದ್ದರೆ ಉಕ್ಕು ಬಹುಮಟ್ಟಿಗೆ ಕ್ಷೇಮ. ಅದನ್ನು ದಾಟಿದೊಡನೆ ತುಕ್ಕಿನ ವೇಗ ಥಟ್ಟನೆ ಏರುವುದು. ಕೊಲ್ಲಿಯ ಕರಾವಳಿಗೆ ಸಮೀಪದಲ್ಲಿರುವ ಹ್ಯೂಸ್ಟನ್ನಿನಲ್ಲಿ ಈ ಗಡಿಯನ್ನು ದಾಟದ ರಾತ್ರಿಗಳು ವಿರಳ.

ಹಾಗಾದರೆ ಹಿತ್ತಲಿನ ಕಬ್ಬಿಣದ ಬೇಲಿಗಿಂತ ಹೊಗೆಯೊಲೆ ಬೇಗ ಕೆಡುವುದೇಕೆ? ಒಲೆಯು ತನ್ನ ಶತ್ರುಗಳನ್ನು ತಾನೇ ಹುಟ್ಟಿಸಿಕೊಳ್ಳುವುದರಿಂದ. ಕಟ್ಟಿಗೆ ಎಷ್ಟೇ ಒಣಗಿದ್ದರೂ ಅದರಲ್ಲಿರುವ ಜಲಜನಕವು ಉರಿದು ನೀರಾಗಲೇಬೇಕು. ಐದರಲ್ಲಿ ಒಂದು ಪಾಲು ತೇವವುಳ್ಳ ಒಂದು ಕಿಲೋಗ್ರಾಮ್ ಕಟ್ಟಿಗೆ ಉರಿದರೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೊರಡುವುದೆಂದು ಲೆಕ್ಕ ಹಾಕಬಹುದು. ಅದರ ಬಹುಭಾಗ ಹೊಗೆಕೊಳವೆಯಿಂದ ಹೊರಹೋದರೂ, ಒಲೆ ಆರುವಾಗ ಒಳಗೆ ಉಳಿದದ್ದು ತಣ್ಣಗಿನ ಗೋಡೆಯ ಮೇಲೆ ಹನಿಗಟ್ಟುವುದು. ಹೊಗೆಯಲ್ಲಿ ಅಸಿಟಿಕ್ ಆಮ್ಲವೂ ಉಂಟು. ಇದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅದರ ಹೆಸರಿನಲ್ಲಿಯೇ ಮರದ ಭಟ್ಟಿಯ ಪ್ರಸ್ತಾಪವಿತ್ತು. ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲನ್ನು ತೆಗೆಯುತ್ತಿದ್ದರು. ಜೊತೆಗೆ ಹೊರಡುವ ಹೊಗೆಯಿಂದ ಅಸಿಟೇಟನ್ನೂ ಮರದ ಮದ್ಯಸಾರವನ್ನೂ ಟಾರನ್ನೂ ಸಂಗ್ರಹಿಸುತ್ತಿದ್ದರು. ಭದ್ರಾವತಿಯಲ್ಲಿ ಹಣ ತರುತ್ತಿದ್ದ ಆ ಆಮ್ಲವೇ ಹೊಗೆಯೊಲೆಯಲ್ಲಿ ಉಕ್ಕನ್ನು ಕೊರೆಯುವುದು.

ಇನ್ನು ಬೂದಿ. ಈ ವಿಷಯದಲ್ಲಿ ಒಲೆಯ ಯಜಮಾನರು ನಮ್ಮೊಡನೆ ವಾದ ಮಾಡಿದರು. ಅವರ ವಾದ ಅಷ್ಟೇನೂ ಹಗುರವಾದದ್ದಲ್ಲ. ಬೂದಿ ಕ್ಷಾರಗುಣವುಳ್ಳದ್ದು, ಕ್ಷಾರವು ಕಬ್ಬಿಣವನ್ನು ಕಾಪಾಡುವುದು, ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿಯದಿರುವುದೂ ಇದೇ ಕಾರಣದಿಂದ. ಆದಕಾರಣ ಬೂದಿ ಒಲೆಯಲ್ಲಿದ್ದರೆ ಒಳ್ಳೆಯದೇ ಅಲ್ಲವೆ? ಕಾಂಕ್ರೀಟಿನ ಮಾತು ನಿಜ. ಆದರೆ ಆ ಕಂಬಿಯೂ ಒಂದು ದಿನ ತುಕ್ಕು ಹಿಡಿಯುವುದನ್ನು ನಾವು ನಮ್ಮ ಕರಾವಳಿಯ ಕಟ್ಟಡಗಳಲ್ಲಿ ಕಾಣುತ್ತಿಲ್ಲವೆ? ಗಾಳಿಯ ಇಂಗಾಲದ ಡೈಆಕ್ಸೈಡು ಕ್ಷಾರವನ್ನು ಕ್ರಮೇಣ ಸಪ್ಪೆ ಮಾಡುವುದು. ಉಪ್ಪಿನ ಕ್ಲೋರೈಡು ಕಬ್ಬಿಣದ ರಕ್ಷಾಪದರವನ್ನು ಭೇದಿಸುವುದು. ಒಲೆಯ ಬೂದಿಯಲ್ಲಿ ಈ ಎರಡೂ ನಡೆಯುವುವು. ಮೇಲಾಗಿ ಹೊಗೆಯ ಆಮ್ಲವೂ ಬಂದು ಸೇರುವುದು. ಬೂದಿಯಲ್ಲಿ ಸುಣ್ಣದ ಕಾರ್ಬೊನೇಟಿನ ಜೊತೆಗೆ ಪೊಟ್ಯಾಸಿಯಮ್ ಲವಣಗಳಿರುತ್ತವೆ. ಪೊಟ್ಯಾಸಿಯಮ್ ಕಾರ್ಬೊನೇಟು ಗಾಳಿಯಿಂದ ನೀರನ್ನು ಹೀರಿ ಒದ್ದೆಯಾಗುವ ಸ್ವಭಾವದ್ದು. ಮಾಂಸಕ್ಕೆ ಸವರಿದ ಉಪ್ಪು ಕೊಬ್ಬಿನೊಡನೆ ತೊಟ್ಟಿಕ್ಕಿ ಉರುಳೆಯ ತಳಕ್ಕೂ ಇಳಿಯುವುದು. ರಾತ್ರಿಯೆಲ್ಲ ಒದ್ದೆಯಾಗಿ, ಗಾಳಿಯಾಡದೆ ತಳಕ್ಕೆ ಅಂಟಿಕೊಂಡಿರುವ ಬೂದಿಯ ಹಿಟ್ಟು ಈವಾನ್ಸರ ಹನಿಯ ನಡುಭಾಗವೇ ಸರಿ. ಒಲೆಯ ಗೋಡೆ ಗಟ್ಟಿಯಾಗಿದ್ದೂ ತಳ ಮಾತ್ರ ಕಳಚಿಬಿದ್ದುದಕ್ಕೆ ಇದಕ್ಕಿಂತ ಬೇರೆ ವಿವರಣೆ ನಮಗೆ ತೋರುವುದಿಲ್ಲ.

ಆದುದರಿಂದ ನಮ್ಮ ಮೊದಲ ಸಲಹೆ: ಒಲೆ ಆರಿದ ಮರುದಿನವೇ ಬೂದಿಯನ್ನು ತೆಗೆಯಬೇಕು. ಬೂದಿಯೊಳಗೆ ಹುದುಗಿದ ಕೆಂಡ ಒಂದು ದಿನ ಕಳೆದರೂ ಬದುಕಿರಬಹುದು. ಅದನ್ನು ಮುಚ್ಚಳವುಳ್ಳ ಲೋಹದ ಬಕೀಟಿನಲ್ಲಿಯೇ ತುಂಬಬೇಕು, ಕಾಗದದ ಚೀಲದಲ್ಲಿ ಎಂದಿಗೂ ಅಲ್ಲ. ಇದಕ್ಕೆ ಬೇಕಾಗುವ ಹೊತ್ತು ಕಾಲು ಗಂಟೆ. ನೀರು ಹಾಯಿಸಿ ತೊಳೆಯುವವರನ್ನೂ ನಾವು ಕಂಡಿದ್ದೇವೆ. ತೊಳೆದು ಹಾಗೆಯೇ ಬಿಡುವುದಕ್ಕಿಂತ ತೊಳೆಯದಿರುವುದು ಮೇಲು. ತೊಳೆಯಲೇಬೇಕೆನ್ನುವವರು ಕೂಡಲೆ ಸಣ್ಣ ಬೆಂಕಿ ಹಾಕಿ ಒಣಗಿಸಲಿ.

ಮಾಂಸ ಬೇಯುವ ಉರುಳೆಯ ವಿಷಯ ಬೇರೆ. ಅಲ್ಲಿ ಶತ್ರುವೆಂದರೆ ಅತಿಯಾದ ಶುಚಿತ್ವ. ಕೊಬ್ಬೂ ಹೊಗೆಯೂ ಸೇರಿ ಒಳಗೋಡೆಯ ಮೇಲೆ ಕರಿಯ ಲೇಪವೊಂದು ಕುಳಿತಿರುತ್ತದೆ. ಅದನ್ನು ಕೊಳಕೆಂದು ಬಗೆದು ಉಕ್ಕು ಹೊಳೆಯುವವರೆಗೆ ತಿಕ್ಕುವವರು ತಮ್ಮ ಒಲೆಯ ಅಂಗಿಯನ್ನೇ ಕಳಚಿದಂತೆ. ನಮ್ಮ ಮನೆಗಳಲ್ಲಿ ಹಳೆಯ ದೋಸೆಕಾವಲಿಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದ ಹೊಸ ಸೊಸೆಗೆ ಅತ್ತೆಯಿಂದ ಏನು ಮಾತು ಬರುತ್ತಿತ್ತೆಂಬುದನ್ನು ಹಿರಿಯರು ಬಲ್ಲರು. ಕಾವಲಿಯನ್ನು ಪಳಗಿಸುವುದೂ ಹೊಗೆಯೊಲೆಯನ್ನು ಪಳಗಿಸುವುದೂ ಒಂದೇ ರಸಾಯನ. ಅಗಸೆ, ಸೋಯಾ, ಸೂರ್ಯಕಾಂತಿ ಮುಂತಾದ ಎಣ್ಣೆಗಳ ಅಣುಗಳಲ್ಲಿ ಜೋಡಿಬಂಧಗಳಿರುವುದರಿಂದ, ಕಾಯಿಸಿದಾಗ ಅವು ಆಮ್ಲಜನಕದೊಡನೆ ಕೂಡಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುವುವು. ಕೊಬ್ಬರಿಯೆಣ್ಣೆಯಲ್ಲಿ ಅಂತಹ ಬಂಧಗಳು ಕಡಮೆ. ಅದು ಈ ಕೆಲಸಕ್ಕೆ ಒದಗದು. ಯಂತ್ರಗಳ ಖನಿಜತೈಲವಂತೂ ಸಲ್ಲದು. ಎಣ್ಣೆಯನ್ನು ಬಟ್ಟೆಯಿಂದ ತೀರ ತೆಳ್ಳಗೆ ಸವರಿ, ಒಲೆಯನ್ನು 200 ಡಿಗ್ರಿಯ ಸುತ್ತ ಒಂದೆರಡು ಗಂಟೆ ಕಾಯಿಸಬೇಕು. ದಪ್ಪಗೆ ಬಳಿದರೆ ಅಂಟಾಗುವುದು, ಧೂಳನ್ನೂ ಕೂಡಿಹಾಕುವುದು. ತಳದಲ್ಲಿ ಮಡುಗಟ್ಟಿದ ಕೊಬ್ಬನ್ನೂ, ಸಿಪ್ಪೆಯೇಳುತ್ತಿರುವ ಮಸಿಯನ್ನೂ ಮಾತ್ರ ಮರದ ಹಲಗೆಯಿಂದ ಕೆರೆದು ತೆಗೆಯತಕ್ಕದ್ದು; ಬಿಟ್ಟರೆ ಬೂಷ್ಟು ಬೆಳೆಯುವುದು, ಇಲ್ಲವೆ ಒಂದು ದಿನ ಬೆಂಕಿ ಹೊತ್ತುವುದು. ತಂತಿಯ ಬ್ರಷ್ಷನ್ನು ನಾವು ಒಪ್ಪುವುದಿಲ್ಲ. ಅದರಿಂದ ಕಳಚಿದ ಎಳೆಗಳು ಆಹಾರದೊಡನೆ ಹೊಟ್ಟೆ ಸೇರಿ, ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಲ್ಲಿ 2011ರ ಮಾರ್ಚಿಯಿಂದ 2012ರ ಜೂನ್‌ವರೆಗೆ ಆರು ಮಂದಿ ಗಾಯಗೊಂಡುದನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರ ವರದಿ ಮಾಡಿದೆ.

ಬೆಂಕಿಗೂಡಿನ ಒಳಗೆ ಈ ಎಣ್ಣೆಯ ಉಪಾಯ ನಡೆಯದು. ಮುಂದಿನ ಬೆಂಕಿಗೇ ಆ ಪೊರೆ ಸುಟ್ಟುಹೋಗುವುದು. ಹೊರಮೈಗೆ ಬಳಿಯುವ ಸಿಲಿಕೋನ್ ಬಣ್ಣಗಳು ಸುಮಾರು 600 ಡಿಗ್ರಿಯವರೆಗೆ ತಾಳಬಲ್ಲವು. ಒಳಗೆ ಅವನ್ನು ಬಳಿಯುವುದು ಹಣ ದಂಡ. ಅಲ್ಲಿ ಬೂದಿ ತೆಗೆಯುವುದೊಂದೇ ಔಷಧ. ಕಟ್ಟಿಗೆಯನ್ನು ತಳದಿಂದ ನಾಲ್ಕು ಬೆರಳು ಮೇಲೆ ಕಂಬಿಜಾಲರಿಯ ಮೇಲಿಟ್ಟರೆ ತಳಕ್ಕೆ ಕೆಂಡದ ಸ್ಪರ್ಶವೂ ತಪ್ಪುವುದು.

ಹೊದಿಕೆಯ ವಿಷಯದಲ್ಲಿ ನಮ್ಮ ಮಾತು ಅನೇಕರಿಗೆ ರುಚಿಸದು. ಮಳೆಗೆ ನೆನೆಯಬಾರದೆಂದು ಒಲೆಗೆ ಪ್ಲಾಸ್ಟಿಕ್ಕಿನ ಬಿಗಿ ಗವಸು ಹಾಕುವರು. 30 ಡಿಗ್ರಿ ಉಷ್ಣತೆಯ, 75 ಪ್ರತಿಶತ ಆರ್ದ್ರತೆಯ ಗಾಳಿ 25 ಡಿಗ್ರಿಗೆ ತಣಿದರೆ ಸಾಕು, ಇಬ್ಬನಿ ಕಟ್ಟುವುದು. ರಾತ್ರಿಯಲ್ಲಿ ಅಷ್ಟು ತಣಿಯುವುದು ಉಕ್ಕಿಗೆ ದೊಡ್ಡದಲ್ಲ. ಗವಸಿನೊಳಗೆ ಹೀಗೆ ಕಟ್ಟಿದ ನೀರು ಬೆಳಗಾದ ಮೇಲೂ ಹೊರಹೋಗಲಾರದು. ತಲೆಯ ಮೇಲೆ ಸೂರು, ಹೊಗೆಕೊಳವೆಗೆ ಟೋಪಿ, ಗೂಡಿನ ಬಾಗಿಲು ತುಸು ತೆರೆದಿರುವುದು. ಗಾಳಿಯಾಡುವ ಈ ಏರ್ಪಾಡು ಯಾವ ಗವಸಿಗಿಂತಲೂ ಮೇಲು.

ಹಿಂದಿನ ಕಬ್ಬಿಣ ತುಕ್ಕು ಹಿಡಿಯುತ್ತಿರಲಿಲ್ಲವೆಂಬ ಮಾತೊಂದು ಉಳಿಯಿತು. ದೆಹಲಿಯ ಮೆಹ್ರೌಲಿಯ ಸ್ತಂಭವನ್ನು ಎಲ್ಲರೂ ಉದಾಹರಿಸುವರು. ಧಾರಾಕಾರ ಮಳೆಯ ನಮ್ಮ ಕೊಡಚಾದ್ರಿಯ ಮೇಲೂ ಅಂತಹದೊಂದು ಕಬ್ಬಿಣದ ಕಂಬ ನಿಂತಿದೆ. ದೆಹಲಿಯ ಕಬ್ಬಿಣದಲ್ಲಿ ರಂಜಕ ಹೆಚ್ಚಾಗಿರುವುದು ರಕ್ಷಾಪದರಕ್ಕೆ ನೆರವಾಯಿತೆಂಬುದು ನಿಜ. ಆದರೆ ನೆಲದೊಳಗೆ ಹುದುಗಿದ ಅದರ ಬುಡ ತುಕ್ಕು ಹಿಡಿದೇ ಇತ್ತು. ಸ್ಟೇನ್‌ಲೆಸ್ ಉಕ್ಕಿನ ಕ್ರೋಮಿಯಮ್ಮೂ ಉಪ್ಪಿನ ಕ್ಲೋರೈಡಿಗೆ ಅಂಜುವುದು. ಅದರ ಬೆಲೆಯಂತೂ ಎಲ್ಲರ ಕೈಗೆಟುಕದು.

ಈಗಾಗಲೇ ತುಕ್ಕು ಹಿಡಿದ ಒಲೆಯನ್ನು ಏನು ಮಾಡಬೇಕು? ಬೆರಳಿನಿಂದ ಒತ್ತಿದಾಗ ತಗ್ಗದಿದ್ದರೆ ಉಳಿಸಬಹುದು. ಉದುರುವ ತುಕ್ಕನ್ನು ಉಜ್ಜುಕಾಗದದಿಂದ ತೆಗೆದು, ಉರುಳೆಯ ಒಳಗಾದರೆ ಎಣ್ಣೆ, ಹೊರಗಾದರೆ ಬಣ್ಣ. ಹೊರಮೈಗೆ ಟ್ಯಾನಿಕ್ ಆಮ್ಲದ ದ್ರಾವಣ ಬಳಿದು ತುಕ್ಕನ್ನು ಕರಿಯ ಸಂಯುಕ್ತವಾಗಿ ಮಾರ್ಪಡಿಸುವ ವಿಧಾನವೂ ಉಂಟು. ಅಣಲೆಕಾಯಿ ಮತ್ತು ಅನ್ನಭೇದಿಯಿಂದ ನಮ್ಮವರು ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ.

ನೆರೆಮನೆಯವರು ಕೊನೆಗೆ ಒಲೆಯನ್ನು ಎಸೆಯಲಿಲ್ಲ. ಕೊಳೆತ ತಳವನ್ನು ಕೊಯ್ಯಿಸಿ, 6 ಮಿಲಿಮೀಟರಿನ ಹಲಗೆಯನ್ನು ಬೆಸೆಯಿಸಿದರು. ಖರ್ಚು ಹೊಸ ಒಲೆಯ ಬೆಲೆಗಿಂತ ಬಹಳ ಕಡಮೆಯಾಯಿತು. ಜಾಲರಿಯನ್ನು ಎತ್ತರಿಸಿದರು, ಜಗಲಿಯಿಂದ ಒಲೆಯನ್ನು ಇಳಿಸಿ ಕಲ್ಲುಹಾಸಿನ ಮೇಲಿಟ್ಟರು, ಬೂದಿಗೆಂದು ಮುಚ್ಚಳದ ಬಕೀಟೊಂದು ಪಕ್ಕದಲ್ಲಿ ಬಂದು ಕುಳಿತಿತು. ಗವಸನ್ನು ಮಾತ್ರ ಅವರು ಬಿಟ್ಟಿಲ್ಲವೆಂದೂ, ಆ ವಿಷಯ ತೆಗೆದರೆ ಈಗಲೂ ವಾದಕ್ಕೆ ನಿಲ್ಲುವರೆಂದೂ ನಮ್ಮ ಬಂಧುಗಳು ತಿಳಿಸಿದ್ದಾರೆ.