ಗುಂಡಿಗಳ ಲೆಕ್ಕವುಂಟು, ಕೈಗಳ ಲೆಕ್ಕವಿಲ್ಲ

ಸಗಣಿಯಿಂದ ಉರಿ ತೆಗೆಯುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಹೊಸದಾಗಿರುವುದು ಅದರ ಹೆಸರು ಮಾತ್ರ. ಒಂದು ಕಾಲದಲ್ಲಿ ಗೋಬರ್ ಗ್ಯಾಸ್ ಎನಿಸಿಕೊಂಡದ್ದು ಮುಂದೆ ಜೈವಿಕ ಅನಿಲವಾಯಿತು. 2018ರಿಂದೀಚೆಗೆ ಸರ್ಕಾರಿ ಕಡತಗಳಲ್ಲಿ ಗೋಬರ್‌ಧನ್ ಎಂದು ಮೆರೆಯುತ್ತಿದೆ. ಹೆಸರು ಬದಲಾದಾಗಲೆಲ್ಲ ಹೊಸ ಗುರಿ, ಹೊಸ ಸಹಾಯಧನ, ಹೊಸ ಉದ್ಘಾಟನೆ. ಬದಲಾಗದೆ ಉಳಿದಿರುವುದು ಕೊಟ್ಟಿಗೆಯ ಹಿಂದೆ ಅನಿಲ ನಿಂತುಹೋದ ಗುಂಡಿ, ಅದರ ಗುಮ್ಮಟದ ಮೇಲೆ ಹಬ್ಬಿದ ಕುಂಬಳದ ಬಳ್ಳಿ. ಆ ಗುಂಡಿ ಏಕೆ ಸತ್ತಿತು ಎಂದು ಕೇಳಿದರೆ ಜನ ಉದಾಸೀನರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಸುಳ್ಳು ಉತ್ತರ. ಗುಂಡಿಯನ್ನು ಕಟ್ಟಿದವರು ಅದನ್ನು ನಡೆಸುವ ಕೈಗಳನ್ನು ತಯಾರು ಮಾಡಲಿಲ್ಲ. ಗುಂಡಿ ಸತ್ತದ್ದು ಅದಕ್ಕಾಗಿ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಗಮನಿಸಬೇಕು. ಮೊದಲೆರಡು ತಾಲ್ಲೂಕುಗಳಲ್ಲಿ ಕನ್ನಂಬಾಡಿಯ ನಾಲೆಗಳ ನೀರುಂಡ ಕಬ್ಬು, ಭತ್ತದ ಗದ್ದೆಗಳಿವೆ. ಕೃಷ್ಣರಾಜಪೇಟೆಯ ಒಂದು ಭಾಗಕ್ಕೆ ಹೇಮಾವತಿಯ ನೀರು ಹರಿದರೆ ಉಳಿದುದು ಮಳೆಯನ್ನೇ ಕಾಯುತ್ತದೆ. ನಾಗಮಂಗಲ ಬಹುಮಟ್ಟಿಗೆ ರಾಗಿ, ಹುರುಳಿ, ತೆಂಗಿನ ಒಣಸೀಮೆ. ಭೂಮಿಯ ಗುಣ ಬೇರೆ ಬೇರೆಯಾದರೂ ನಾಲ್ಕೂ ಕಡೆ ಸಾಮಾನ್ಯವಾಗಿರುವುದು ಹಾಲು. ಬೆಳಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಡೇರಿಯ ಮುಂದೆ ನಿಲ್ಲುವ ಸಾಲು ಇಲ್ಲಿನ ಊರುಗಳ ದಿನಚರಿಯನ್ನೇ ರೂಪಿಸಿದೆ. ಆ ಹಾಲು ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಒಕ್ಕೂಟದ ಡೇರಿಗೆ ಸೇರುತ್ತದೆ. ಹಾಲಿಗೆ ಅಳತೆಯುಂಟು, ಕೊಬ್ಬಿನಂಶದ ಪರೀಕ್ಷೆಯುಂಟು, ಬಟವಾಡೆಯುಂಟು. ಅದೇ ಹಸುವಿನ ಸಗಣಿಗೆ ಇವು ಯಾವುವೂ ಇಲ್ಲ.

ಸಗಣಿಯ ಲೆಕ್ಕವೇನೂ ಕ್ಷುಲ್ಲಕವಲ್ಲ. ಸುಮಾರು 25 ಕಿಲೋ ಹಸಿ ಸಗಣಿಯಿಂದ ಒಂದು ಘನ ಮೀಟರ್ ಅನಿಲ ದೊರೆಯುತ್ತದೆ. ನಾಲ್ಕೈದು ರಾಸುಗಳಿರುವ ಮನೆಯಲ್ಲಿ ದಿನಕ್ಕೆ 50 ಕಿಲೋ ಸಗಣಿ ಒದಗಿದರೆ ಎರಡು ಘನ ಮೀಟರಿನ ಸ್ಥಾವರ ನಡೆಯುತ್ತದೆ. ನಾಲ್ಕೈದು ಜನರ ಅಡುಗೆ ಆಗುತ್ತದೆ. ಒಂದು ಘನ ಮೀಟರ್ ಅನಿಲ ಸುಮಾರು 0.43 ಕಿಲೋ ಅಡುಗೆ ಅನಿಲಕ್ಕೆ ಸಮ. ತಿಂಗಳ ಲೆಕ್ಕ ಹಾಕಿದರೆ ಆ ಗುಂಡಿ ಕೊಡುವುದು 14.2 ಕಿಲೋದ ಎರಡು ಸಿಲಿಂಡರುಗಳಿಗೆ ತುಸು ಕಡಿಮೆ. ಮೇಲಾಗಿ ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ. ಇಷ್ಟು ಲಾಭವಿರುವ ವಸ್ತು ಕೈಬಿಟ್ಟು ಹೋಗುತ್ತದೆಂದರೆ ದೋಷ ವಸ್ತುವಿನಲ್ಲಿಲ್ಲ, ಅದನ್ನು ಹಂಚಿದ ಕ್ರಮದಲ್ಲಿದೆ.

ಆ ಕ್ರಮದ ಇತಿಹಾಸ ಉದ್ದವಾಗಿದೆ. ತೇಲುವ ಡ್ರಮ್ಮಿನ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1960ರ ದಶಕದಿಂದ ಹಳ್ಳಿಗಳಿಗೆ ಒಯ್ದಿತು. 1981-82ರಲ್ಲಿ ರಾಷ್ಟ್ರೀಯ ಜೈವಿಕ ಅನಿಲ ಅಭಿವೃದ್ಧಿ ಯೋಜನೆ ಬಂತು. 1984ರಲ್ಲಿ ಅಗ್ಗದ ದೀನಬಂಧು ಮಾದರಿ ಬಂತು. 2018ರಲ್ಲಿ ಯೋಜನೆಗೆ ಹೊಸ ಹೆಸರಿಟ್ಟದ್ದಾಯಿತು, 2022ರಲ್ಲಿ ಅದನ್ನು ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮದೊಳಗೆ ಸೇರಿಸಿದ್ದೂ ಆಯಿತು. ಈ ನಾಲ್ಕು ದಶಕಗಳಲ್ಲಿ ಪ್ರಗತಿಯ ಅಳತೆಗೋಲು ಮಾತ್ರ ಒಂದೇ: ಈ ವರ್ಷ ಎಷ್ಟು ಕಟ್ಟಲಾಯಿತು? ಕಟ್ಟಿದ್ದರಲ್ಲಿ ಹತ್ತು ವರ್ಷದ ನಂತರ ಎಷ್ಟು ಉರಿಯುತ್ತಿವೆ ಎಂಬ ಪ್ರಶ್ನೆಗೆ ಗುರಿಯಿಲ್ಲ, ಬಹುಮಾನವಿಲ್ಲ, ದಂಡವೂ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ, ಸಹಾಯಧನ ಕೈಸೇರಿದ ಮೇಲೆ ಗುಂಡಿಯ ಹಂಗು ಯಾರಿಗೂ ಉಳಿಯುವುದಿಲ್ಲ.

ಗೋಬರ್ ಸ್ಥಾವರ ಇಟ್ಟಿಗೆ ಸಿಮೆಂಟಿನ ತೊಟ್ಟಿಯಲ್ಲ. ಅದು ಹಸುವಿನ ಹೊಟ್ಟೆಯಂತೆ ಜೀವವುಳ್ಳದ್ದು. ಗಾಳಿಯಿಲ್ಲದ ಕತ್ತಲಲ್ಲಿ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಮೂವತ್ತು ನಲವತ್ತು ದಿನ ಸಗಣಿಯನ್ನು ಜೀರ್ಣಿಸಿಕೊಳ್ಳುತ್ತವೆ. ಸಗಣಿಗೆ ಸಮನಾಗಿ ನೀರು ಬೆರೆಸಬೇಕು. ಹೆಚ್ಚಾದರೆ ಜೀರ್ಣವಾಗದೆ ಹೊರಹೋಗುತ್ತದೆ, ಕಡಿಮೆಯಾದರೆ ಕೆನೆಗಟ್ಟಿ ಅನಿಲ ಸಿಕ್ಕಿಬೀಳುತ್ತದೆ. ಕೊಟ್ಟಿಗೆ ತೊಳೆದ ಫಿನಾಯಿಲ್ ಒಳಗೆ ಹರಿದರೆ ಜೀವಿಗಳು ಸಾಯುತ್ತವೆ. ಕೆಚ್ಚಲುಬಾವಿಗೆ ಆ್ಯಂಟಿಬಯಾಟಿಕ್ ಕೊಟ್ಟ ಮಿಶ್ರತಳಿ ಹಸುವಿನ ಸಗಣಿಯನ್ನು ಕೆಲವು ದಿನ ಬೇರೆ ಇಡುವುದು ಲೇಸು. ಕೊಳವೆಯಲ್ಲಿ ನಿಂತ ನೀರನ್ನು ಆಗಾಗ ಹೊರಬಿಡದಿದ್ದರೆ ಒಲೆ ಉರಿಯುವುದಿಲ್ಲ. ಗುಮ್ಮಟದ ಕೂದಲೆಳೆಯ ಬಿರುಕನ್ನು ಸಾಬೂನಿನ ನೊರೆಯಿಂದ ಹುಡುಕಬೇಕು. ಇವೆಲ್ಲ ಕಷ್ಟದ ವಿದ್ಯೆಯಲ್ಲ. ಆದರೆ ಯಾರೋ ಕಲಿಸಬೇಕಾದ ವಿದ್ಯೆ, ತಪ್ಪಿದಾಗ ಯಾರೋ ಬಂದು ತಿದ್ದಬೇಕಾದ ವಿದ್ಯೆ. ಫಲಾನುಭವಿಗೆ ಒಂದು ದಿನದ ತಿಳಿವಳಿಕೆ ಶಿಬಿರ ನಡೆಸಿ, ಊಟ ಹಾಕಿ, ಹಾಜರಿ ಪಡೆದು ಕಳಿಸಿದರೆ ಈ ವಿದ್ಯೆ ನೆಲೆಗೊಳ್ಳುವುದಿಲ್ಲ.

ಬಿರುಕಿನ ಮಾತು ಇನ್ನೂ ಗಂಭೀರವಾದುದು. ಗುಂಡಿಯ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ನೂರು ವರ್ಷಗಳ ಅಳತೆಯಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಬಿಸಿಲಲ್ಲಿ ಒಣಗುವ ಬೆರಣಿ ಅಷ್ಟು ಮೀಥೇನನ್ನು ಉಗುಳುವುದಿಲ್ಲ. ಸೋರುವ ಗುಮ್ಮಟವಾದರೋ ಮೀಥೇನನ್ನು ಶ್ರಮಪಟ್ಟು ತಯಾರಿಸಿ ಆಕಾಶಕ್ಕೆ ಬಿಡುತ್ತದೆ. ಪರಿಸರದ ಹೆಸರಿನಲ್ಲಿ ಕಟ್ಟಿ ಪಾಲಕರಿಲ್ಲದೆ ಬಿಟ್ಟ ಸ್ಥಾವರ ಪರಿಸರಕ್ಕೇ ಹಗೆ.

ಮಂಡ್ಯದ ಕೊಟ್ಟಿಗೆಯ ಗೊಡವೆ ಮಲೆನಾಡಿನ ಓದುಗರಿಗೇಕೆ ಎಂಬ ಪ್ರಶ್ನೆ ಏಳಬಹುದು. ಕಾರಣ ಎರಡಿವೆ. ಕೊಡಗಿನ ಕಾವೇರಿ ಮತ್ತು ಮೂಡಿಗೆರೆ ಸೀಮೆಯ ಹೇಮಾವತಿ ಕೂಡುವುದು ಕನ್ನಂಬಾಡಿಯ ನೀರಿನಲ್ಲಿ. ಬೆಟ್ಟ ಮತ್ತು ಬಯಲು ಒಂದೇ ಹೊಳೆಯ ಎರಡು ತುದಿಗಳು. ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಬಯಲಿನ ಯೋಜನೆಗಳು ಮರೆತ ಪಾಠವನ್ನು ಬೆಟ್ಟವೇ ಕಲಿಸಿತ್ತು.

ಶಿರಸಿ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮೀಕ್ಷೆಗೆ ಒಳಪಟ್ಟ ಗೋಬರ್ ಸ್ಥಾವರಗಳೆಲ್ಲವೂ ಕೆಲಸ ಮಾಡುತ್ತಿದ್ದವು. ಇದು ಶಿರಸಿಯ ಸಗಣಿಯ ಮಹಿಮೆಯಲ್ಲ. ಅಲ್ಲಿ ಸ್ಥಾವರ ಕಟ್ಟುವುದನ್ನೇ ಕಸುಬು ಮಾಡಿಕೊಂಡ ಸ್ಥಳೀಯರಿದ್ದರು. ಅವರು ಕಟ್ಟಿದ್ದಕ್ಕೆ ಖಾತರಿ ಕೊಡುತ್ತಿದ್ದರು, ಕೆಟ್ಟರೆ ಪುಕ್ಕಟೆ ದುರಸ್ತಿ ಮಾಡುತ್ತಿದ್ದರು. ಒಬ್ಬರ ಕೆಲಸ ಕೆಟ್ಟರೆ ಜನ ಮತ್ತೊಬ್ಬರನ್ನು ಕರೆಯುತ್ತಿದ್ದರು. ಊರಿನ ಕಣ್ಣಿಗೆ ಬೀಳುವ ಕುಶಲಕರ್ಮಿಯ ಮಾನವೇ ಅಲ್ಲಿ ಸ್ಥಾವರದ ವಿಮೆಯಾಗಿತ್ತು. ಕೊಟ್ಟಿಗೆಯ ಆ ಉರಿ ಎಷ್ಟೋ ಸೌದೆಹೊರೆಗಳನ್ನು ಕಾಡಿನಲ್ಲೇ ಉಳಿಸಿತು.

ನಾಗಮಂಗಲದ ನೆರೆಯಲ್ಲಿಯೂ ಒಂದು ಪಾಠಶಾಲೆ ಇತ್ತು. ಗಡಿಗೆ ತಗುಲಿದ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ, ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ, ಸಮುದಾಯ ಸ್ಥಾವರ ಕಟ್ಟಿತು. ಮೊದಲು ಅಡುಗೆಗೆ ಅನಿಲ ಕೊಡಹೋಗಿ, ಊರಿನ ಸಗಣಿ ಸಾಲದೆ ಆ ಯತ್ನ ಸೋತಿತು. ಬಳಿಕ 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ಕುಡಿಯುವ ನೀರನ್ನೂ ಒದಗಿಸಲಾಯಿತು. ಸಗಣಿ ತಂದವರಿಗೆ, ಅದರಲ್ಲಿ ಹೆಚ್ಚಿನವರು ಹೆಂಗಸರು, ತೂಕದ ಮೇಲೆ ಹಣ ಸಿಗುತ್ತಿತ್ತು. ಬಗ್ಗಡ ಅವರಿಗೇ ಮರಳುತ್ತಿತ್ತು. ಸ್ಥಾವರವನ್ನು ದಿನವೂ ನಡೆಸಿದವರು ತರಬೇತಿ ಪಡೆದ ಊರಿನ ಯುವಕರು. ನಗರದ ಎಂಜಿನಿಯರು ಕಾವಲಿರಲಿಲ್ಲ. ಈ ಏರ್ಪಾಡು ವರ್ಷಗಳ ಕಾಲ ನಡೆಯಿತೆಂದರೆ ಅದಕ್ಕೆ ಯಂತ್ರದಷ್ಟೇ ಕಾರಣ ಆ ಕೈಗಳು. ಮುಂದೆ ಅದು ನಿಂತಿತು. ಆದರೆ ಪುರದ ಅನುಭವ ನೆರೆಯ ನಾಗಮಂಗಲಕ್ಕೂ ದಾಟದೆ ಪ್ರಬಂಧಗಳಲ್ಲಿ ಉಳಿದದ್ದು ಯಾರ ಸೋಲು?

ತರಬೇತಿಯೇ ಇಲ್ಲವೆಂದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ ಕೇಂದ್ರ ಸರ್ಕಾರದ ನೆರವಿನ ಜೈವಿಕ ಅನಿಲ ತರಬೇತಿ ಕೇಂದ್ರವೊಂದನ್ನು ನೆಲೆಗೊಳಿಸಲಾಗಿದೆ. ಗಾರೆಕೆಲಸದವರಿಗೆ ಸುಮಾರು ಹತ್ತು ದಿನಗಳ ಶಿಬಿರಕ್ಕೆ ಮಾರ್ಗಸೂಚಿಗಳಲ್ಲಿ ಅವಕಾಶವಿತ್ತು. ಕಟ್ಟಿಕೊಟ್ಟವರು ಐದು ವರ್ಷ ಪುಕ್ಕಟೆ ನಿರ್ವಹಣೆ ಮಾಡಬೇಕೆಂಬ ಷರತ್ತನ್ನೂ 2018ರ ಕಾರ್ಯಕ್ರಮ ಬರೆದಿತ್ತು. ಕಾಗದ ಚೆನ್ನಾಗಿದೆ. ಆದರೆ ಹೆಬ್ಬಾಳದ ಆಚೆಯ ಆ ಆವರಣ ಕೃಷ್ಣರಾಜಪೇಟೆಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಬೆಳಗ್ಗೆ ಮತ್ತು ಸಂಜೆ ಹಾಲು ಕರೆಯಬೇಕಾದ ಹೆಂಗಸು ಹತ್ತು ದಿನ ಅಲ್ಲಿ ಹೇಗೆ ಉಳಿದಾಳು? ದಿನಗೂಲಿಯ ಗಾರೆಯವನು ಕೂಲಿ ಬಿಟ್ಟು ಹೇಗೆ ಹೋದಾನು? ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳು ಒಬ್ಬಳು, ಪ್ರಮಾಣಪತ್ರ ಪಡೆಯುವವನು ಮತ್ತೊಬ್ಬ ಎಂದಾದರೆ ಆ ತರಬೇತಿ ಯಾರಿಗಾಗಿ?

ಎಲ್ಲಕ್ಕಿಂತ ಮೊದಲು ಕಲಿಸಬೇಕಾದುದು ಪ್ರಾಣ ಉಳಿಸಿಕೊಳ್ಳುವ ಪಾಠ. ಕೆಸರು ತುಂಬಿದ ಹಳೆಯ ಗುಂಡಿಯಲ್ಲಿ ಜಲಜನಕದ ಸಲ್ಫೈಡ್ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಏರಿದಂತೆ ಮೂಗೇ ಮರಗಟ್ಟಿ ವಾಸನೆ ತಿಳಿಯದಾಗುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವನು ಮರಳುವುದಿಲ್ಲ. ಅವನನ್ನು ಎತ್ತಲು ಇಳಿದ ಎರಡನೆಯವನೂ, ಮೂರನೆಯವನೂ ಸಾಯುವುದು ಇಂಥ ದುರಂತಗಳ ಪರಿಚಿತ ಕ್ರಮ. ಗುಂಡಿಯೊಳಗೆ ಇಳಿಯಲೇಬಾರದು, ಪಂಪಿನಿಂದ ಬರಿದು ಮಾಡಬೇಕು. ಇಳಿಯಲೇಬೇಕಾದ ದುರಸ್ತಿಗೆ ಗಾಳಿ ಊದುವ ಯಂತ್ರ, ಅನಿಲ ಅಳೆಯುವ ಉಪಕರಣ, ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಕಾವಲು ಬೇಕು. ಹತ್ತಿರ ಬೆಂಕಿ ಕೂಡದು. ಈ ಪಾಠ ಕಲಿಸದೆ ಸ್ಥಾವರ ಹಂಚುವುದು ಅಪರಾಧಕ್ಕೆ ಸಮ. ಗುಂಡಿಗೆ ಇಳಿಯಲು ಜಮೀನುದಾರನ ಮಗನನ್ನು ಯಾರೂ ಕರೆಯುವುದಿಲ್ಲ. ಕರೆ ಬರುವುದು ಊರಾಚೆಯ ಕೇರಿಗೆ, ಇಲ್ಲವೇ ಹೊರರಾಜ್ಯದಿಂದ ಬಂದ ಕೂಲಿಗೆ. ಜಾತಿಯ ಈ ಹಳೆಯ ಲೆಕ್ಕವನ್ನು ಹಸಿರು ಬಣ್ಣ ಬಳಿದು ಮುಂದುವರಿಸಲು ಯಾವ ಪರಿಸರ ಚಳವಳಿಯೂ ಒಪ್ಪಲಾಗದು.

ತರಬೇತಿ ಪಡೆದ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಹಣ ವ್ಯರ್ಥ ಎಂಬ ಆಕ್ಷೇಪವಿದೆ. ಅವರು ಹತ್ತುವುದು ನಿಜ. ವಿದ್ಯೆ ಕಲಿಸಿ ಕೂಲಿ ಕೊಡದಿದ್ದರೆ ಯಾರು ತಾನೇ ಉಳಿಯುತ್ತಾರೆ? ಹಾಲು ಅಳೆಯುವವನಿಗೆ ಸಂಘದಲ್ಲಿ ಸಂಬಳವುಂಟು. ಸ್ಥಾವರ ಕಾಯುವವಳಿಗೆ ಏಕಿಲ್ಲ? 2016ರ ಉಜ್ವಲಾ ಯೋಜನೆಯ ಮೇಲೆ ಸಿಲಿಂಡರು ಬಂದಿದೆ, ಸಗಣಿಯ ಉಸಾಬರಿ ಏಕೆ ಎಂಬುದು ಮತ್ತೊಂದು ಆಕ್ಷೇಪ. ಸಿಲಿಂಡರು ಗೊಬ್ಬರ ಕೊಡುವುದಿಲ್ಲ, ಬೆಲೆ ಏರಿದಾಗ ಊರಿನ ಮಾತು ಕೇಳುವುದೂ ಇಲ್ಲ. ನಾಗಮಂಗಲದ ಒಣ ಹಳ್ಳಿಯಲ್ಲಿ ಸಗಣಿಗೆ ಬೆರೆಸುವ ನೀರೇ ಸಮಸ್ಯೆ ಎಂಬ ಮಾತು ಮಾತ್ರ ದಿಟ. ಆದ್ದರಿಂದಲೇ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂದು ಹೇಳಬಲ್ಲ ತಿಳಿವಳಿಕೆ ಊರಿನಲ್ಲೇ ಇರಬೇಕು. ಕಟ್ಟಬೇಡಿ ಎನ್ನುವ ಧೈರ್ಯ ಗುರಿ ಹೊತ್ತ ಅಧಿಕಾರಿಗೆ ಬರುವುದಿಲ್ಲ. ಬಲ್ಲ ಕುಶಲಕರ್ಮಿಗೆ ಬರುತ್ತದೆ.

ಬೇಡಿಕೆಗಳು ಸರಳವಾಗಿವೆ. ತರಬೇತಿ ಕೊಟ್ಟಿಗೆಯ ಹತ್ತಿರ ಬರಲಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಕಾಲೇಜಿದೆ, ನಾಲ್ಕೂ ತಾಲ್ಲೂಕುಗಳಿಗೆ ಅದು ಬೆಂಗಳೂರಿಗಿಂತ ಸಮೀಪ. ಕಲಿಯುವ ದಿನಗಳಿಗೆ ಕೂಲಿ ಸಿಗಲಿ. ಸಗಣಿ ಬಾಚುವ ಹೆಂಗಸರು ಮೊದಲ ಸಾಲಿನಲ್ಲಿರಲಿ. ಹೊತ್ತು ಹಾಲು ಕರೆಯುವ ವೇಳೆಗೆ ಹೊಂದಲಿ. ಕೆಲವು ಹಾಲು ಸಂಘಗಳು ಸೇರಿ ಒಬ್ಬ ನಿರ್ವಾಹಕಿಯನ್ನೂ ಒಬ್ಬ ಗಾರೆಯವರನ್ನೂ ಸಂಬಳದ ಮೇಲೆ ಇಟ್ಟುಕೊಳ್ಳಲಿ. ಕಟ್ಟಿದವರಿಗೆ ಹಣದ ಒಂದು ಪಾಲು ಐದನೆಯ ವರ್ಷ ಒಲೆ ಉರಿಯುವುದನ್ನು ನೋಡಿದ ಮೇಲಷ್ಟೇ ಸಲ್ಲಲಿ. ಪ್ರಾಣರಕ್ಷಣೆಯ ಉಪಕರಣಗಳಿಲ್ಲದ ಊರಿನಲ್ಲಿ ಒಂದು ಗುಂಡಿಯನ್ನೂ ತೋಡದಿರಲಿ. ಹೊಸ ಗುರಿ ಪ್ರಕಟಿಸುವ ಮೊದಲು ಹಳೆಯ ಗುಂಡಿಗಳ ಎಣಿಕೆ ನಡೆಯಲಿ. ಆ ಎಣಿಕೆಯನ್ನು ಮಲೆನಾಡಿನ ಕಾಲೇಜು ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿಯೂ ರಜೆಯ ಒಂದು ವಾರದಲ್ಲಿ ಮಾಡಬಹುದು: ಉರಿಯುವುದೆಷ್ಟು, ಸೋರುವುದೆಷ್ಟು, ಸತ್ತದ್ದೆಷ್ಟು, ಕರೆದರೆ ಬರುವವರು ಯಾರು?

ಕೈ ಕೆಸರಾದರೆ ಬಾಯಿ ಮೊಸರು ಎಂದು ಈ ನಾಡು ಆಡಿಕೊಂಡು ಬಂದಿದೆ. ಸಗಣಿಯ ಯೋಜನೆಗಳಲ್ಲಿ ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು. ಕೆಸರಾದ ಕೈಗೆ ವಿದ್ಯೆ, ಕೂಲಿ, ಮಾನ ಮೂರೂ ದಕ್ಕುವವರೆಗೆ ಹೊಸ ಗುಂಡಿಗಳ ಉದ್ಘಾಟನೆಗೆ ಚಪ್ಪಾಳೆ ತಟ್ಟಲು ಕಾರಣವಿಲ್ಲ.